ಕ್ಯೋಟೊದ ಆಟದ ಒಡೆಯರಿಗೆ, ರಾಮಕೃಷ್ಣನಗರದಿಂದ

ನಿಂಟೆಂಡೊ ಕಂಪನಿಯ ನಿರ್ದೇಶಕರಿಗೆ,
ಕ್ಯೋಟೊ, ಜಪಾನ್

ಮಾನ್ಯರೆ,

1889ರಲ್ಲಿ ನಿಮ್ಮ ಕಂಪನಿ ಶುರುವಾದದ್ದು ಹನಾಫುದಾ ಎಂಬ ಆಟದ ಎಲೆಗಳನ್ನು ಮಾಡಿ ಮಾರುವುದಕ್ಕೆ. ನಮ್ಮೂರು ಮೈಸೂರಿನ ಎಲೆಯಾಟದ ಹುಚ್ಚು ಅದಕ್ಕಿಂತ ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದಲ್ಲಿ ಹೊಸ ಹೊಸ ಆಟಗಳನ್ನು ಕಟ್ಟಿ, ಅವುಗಳ ವಿವರವನ್ನು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಸೇರಿಸಿದರು. ಆಟವೆಂದರೆ ಮಕ್ಕಳ ವಿಷಯ ಎಂದು ತಳ್ಳಿಹಾಕದ ಊರು ನಮ್ಮದು. ಆ ಸಲುಗೆಯಿಂದಲೇ ಬರೆಯುತ್ತಿದ್ದೇನೆ.

ವಿಷಯ, ಹಳೆಯ ವಿಡಿಯೊ ಗೇಮ್‌ಗಳನ್ನು ಬಾರ್‌ಗೆ ಬಂದವರಿಗೆ ಆಡಲು ಕೊಡುವುದು. 2018ರ ಜೂನ್‌ನಲ್ಲಿ ನಿಮ್ಮದೇ ಕ್ಯೋಟೊದಲ್ಲಿ, ಹಾಗೆಯೇ ಕೋಬೆಯಲ್ಲಿ, ಗೇಮ್ ಬಾರ್ ನಡೆಸುತ್ತಿದ್ದವರನ್ನು ಪೊಲೀಸರು ಬಂಧಿಸಿದರು. ಟಿವಿಗೆ ಗೇಮ್ ಯಂತ್ರ ಜೋಡಿಸಿ, ಕುಡಿಯಲು ಬಂದ ಗಿರಾಕಿಗಳ ಕೈಗೆ ಕೊಟ್ಟಿದ್ದರು, ಹಕ್ಕುದಾರರನ್ನು ಕೇಳಿರಲಿಲ್ಲ. ಆಟದ ದೃಶ್ಯಗಳನ್ನು ಹತ್ತು ಜನರೆದುರು ತೋರಿಸುವುದು ಸಿನಿಮಾ ಪ್ರದರ್ಶನಕ್ಕೆ ಸಮ ಎಂದು ಟೋಕಿಯೊದ ಜಿಲ್ಲಾ ನ್ಯಾಯಾಲಯ 1984ರ ಪ್ಯಾಕ್‌ಮ್ಯಾನ್ ಪ್ರಕರಣದಲ್ಲೇ ಹೇಳಿತ್ತು. ಹಾಗಾಗಿ ಪೊಲೀಸರು ಕಾನೂನು ಮೀರಿದರು ಎಂದು ನಾನು ವಾದಿಸುವುದಿಲ್ಲ. ಅಪ್ಪಣೆ ಪಡೆಯದೆ ಇನ್ನೊಬ್ಬರ ಕೃತಿಯಿಂದ ವ್ಯಾಪಾರ ಮಾಡುವುದು ಸರಿಯೆಂದೂ ಹೇಳುವುದಿಲ್ಲ.

ಅದನ್ನು ಹೇಳುವ ಮುಖ ನಮ್ಮ ಬಡಾವಣೆಗಿಲ್ಲ. ರಾಮಕೃಷ್ಣನಗರದಲ್ಲಿ ರಮಾಗೋವಿಂದ ರಂಗಮಂದಿರವಿದೆ, ನಟನ ರಂಗಶಾಲೆಯಿದೆ. ವರ್ಷವಿಡೀ ಇಲ್ಲಿ ನಾಟಕ. ಕನ್ನಡ ರಂಗಭೂಮಿಯಲ್ಲಿ ನಾಟಕ ಆಡುವ ಮುನ್ನ ನಾಟಕಕಾರರನ್ನೋ ಅವರ ಮನೆಯವರನ್ನೋ ಕೇಳಿ, ಗೌರವಧನ ಕೊಡುವ ಮರ್ಯಾದೆಯೊಂದಿದೆ. ಎಲ್ಲರೂ ಪಾಲಿಸುತ್ತಾರೆಂದಲ್ಲ. ಆದರೆ ಪಾಲಿಸಬೇಕೆಂದು ಮನಸ್ಸು ಮಾಡಿದವನಿಗೆ ದಾರಿ ಇದೆ: ಯಾರನ್ನು ಕೇಳಬೇಕು, ಎಷ್ಟು ಕೊಡಬೇಕು ಎಂಬುದು ಒಂದು ಫೋನ್ ಕರೆಯಲ್ಲಿ ಗೊತ್ತಾಗುತ್ತದೆ. ಟಿಕೆಟ್ ಇಡದೆ ಹವ್ಯಾಸಿ ತಂಡ ಆಡುವ ನಾಟಕಕ್ಕಂತೂ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52ರಲ್ಲೇ ವಿನಾಯಿತಿಯಿದೆ. ಮದುವೆ ಮನೆಯ ಹಾಡಿಗೂ ಅದೇ ಕಲಮಿನಲ್ಲಿ ಜಾಗ ಸಿಕ್ಕಿದೆ. ನಿಮ್ಮ ಆಟಗಳ ವಿಷಯದಲ್ಲಿ ಮಾತ್ರ ಕೇಳುವವನಿಗೆ ಬಾಗಿಲೇ ಇಲ್ಲ. ಈ ಪತ್ರ ಅದಕ್ಕಾಗಿ.

ನಾಳೆ ಮೈಸೂರಿನ ಬಾರ್ ಅಂಡ್ ರೆಸ್ಟೋರೆಂಟ್ ಮಾಲೀಕನೊಬ್ಬ ಅಸಲಿ ಯಂತ್ರ, ಅಸಲಿ ಕ್ಯಾಸೆಟ್ಟುಗಳನ್ನು ದುಡ್ಡು ಕೊಟ್ಟು ತರಿಸಿ, ಮೂಲೆಯಲ್ಲೊಂದು ಟಿವಿ ಇಟ್ಟ ಎಂದುಕೊಳ್ಳಿ. ಸಿನಿಮಾಕ್ಕೆ ನಮ್ಮ ಕಾಯ್ದೆ ಕೊಡುವ ಅವಧಿ 60 ವರ್ಷ. ಆ ಲೆಕ್ಕ ಹಿಡಿದರೆ 1985ರ ಸೂಪರ್ ಮಾರಿಯೊ ಬ್ರದರ್ಸ್ 2045ರ ಕೊನೆಯವರೆಗೂ ನಿಮ್ಮ ಸೊತ್ತು. ಉಲ್ಲಂಘನೆಯೆಂದು ಸಾಬೀತಾದರೆ ಕಲಂ 63ರ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಈ ಅಪರಾಧದಲ್ಲಿ ವಾರಂಟ್ ಇಲ್ಲದೆಯೇ ಬಂಧಿಸಬಹುದು, ಜಾಮೀನು ಹಕ್ಕಾಗಿ ಸಿಗದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕರ್ನಾಟಕದಲ್ಲಿ ಇದಕ್ಕೂ ಭಾರದ ಇನ್ನೊಂದಿದೆ. ನಾವು ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ಯನ್ನೂ ಸೇರಿಸಿದರು. ವ್ಯಾಪಾರಕ್ಕಾಗಿ ಪುಸ್ತಕ, ಸಂಗೀತ, ಸಿನಿಮಾ, ಸಾಫ್ಟ್‌ವೇರ್‌ಗಳ ಕೃತಿಸ್ವಾಮ್ಯವನ್ನು ಗೊತ್ತಿದ್ದೂ ಮುರಿಯುವವನು ಆ ವ್ಯಾಖ್ಯೆಯೊಳಗೆ ಬರುತ್ತಾನೆ. ವಿಚಾರಣೆಗೆ ಮೊದಲೇ 12 ತಿಂಗಳವರೆಗೆ ಬಂಧನದಲ್ಲಿಡಲು ಅವಕಾಶ ಕೊಡುವ ಕಾಯ್ದೆ ಅದು. ಕಳ್ಳಭಟ್ಟಿಯವರು, ಭೂಗಳ್ಳರು, ಆ್ಯಸಿಡ್ ದಾಳಿಕೋರರು ಇರುವ ಪಟ್ಟಿಯಲ್ಲೇ ಮಾರಿಯೊ ಆಡಿಸಿದವನೂ ನಿಲ್ಲುವ ಸಾಧ್ಯತೆಯಿದೆ. ಲಕ್ಷಗಟ್ಟಲೆ ನಕಲಿ ಪ್ರತಿ ಮಾಡಿ ಮಾರುವವನನ್ನೂ ಅಸಲಿ ಕೊಂಡು ಆಡಿಸುವವನನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಅನ್ಯಾಯ. ನಮ್ಮ ವಿಧಾನಸೌಧಕ್ಕೂ ನಾನು ಇದನ್ನೇ ಹೇಳುತ್ತೇನೆ.

ಈಗ ನಿಮ್ಮದೇ ಕತೆ ನೆನಪಿಸುತ್ತೇನೆ. 1981ರಲ್ಲಿ ನಿಮ್ಮ ಅಮೆರಿಕದ ಶಾಖೆ ಮುಳುಗುವ ಸ್ಥಿತಿಯಲ್ಲಿತ್ತು. ರೇಡಾರ್ ಸ್ಕೋಪ್ ಎಂಬ ಆಟದ ಯಂತ್ರಗಳು ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿದ್ದವು. ಅವುಗಳೊಳಗೆ ಡಾಂಕಿ ಕಾಂಗ್ ಎಂಬ ಹೊಸ ಆಟ ಕೂರಿಸಿ, ಜನ ಆಡುತ್ತಾರೋ ಇಲ್ಲವೋ ನೋಡಲು ಎಲ್ಲಿಟ್ಟಿರಿ? ಸಿಯಾಟಲ್ ಕಡೆಯ ಎರಡು ಬಾರ್‌ಗಳಲ್ಲಿ. ಬಾರ್‌ನವರು ಮೊದಲು ಹಿಂಜರಿದರು. ಆಮೇಲೆ ಯಂತ್ರವೊಂದಕ್ಕೆ ದಿನಕ್ಕೆ 30 ಡಾಲರ್, ಅಂದರೆ 120 ಆಟ, ಬೀಳತೊಡಗಿದಾಗ ಇನ್ನಷ್ಟು ಯಂತ್ರ ಕೊಡಿ ಎಂದರು. ಆ ಆಟದಲ್ಲಿ ಏಣಿ ಹತ್ತುತ್ತಿದ್ದ ಬಡಗಿಯೇ ಮುಂದೆ ನಿಮ್ಮ ಮಾರಿಯೊ. ನೀವೊಬ್ಬರೇ ಅಲ್ಲ, 1972ರಲ್ಲಿ ಅಟಾರಿಯ ಪಾಂಗ್ ಮೊದಲು ನಿಂತದ್ದೂ ಕ್ಯಾಲಿಫೋರ್ನಿಯಾದ ಒಂದು ಬಾರ್‌ನಲ್ಲಿ. ಯಂತ್ರ ಕೆಟ್ಟಿದೆ ಎಂದು ಹೋಗಿ ನೋಡಿದರೆ ಚಿಲ್ಲರೆ ತುಂಬಿ ಡಬ್ಬಿ ಉಕ್ಕಿತ್ತು. ಬಾರ್ ಎಂದರೆ ಮೂಗು ಮುರಿಯುವವರು ನಮ್ಮಲ್ಲೂ ಇದ್ದಾರೆ. ನೀವು ಆ ಸಾಲಿಗೆ ಸೇರಲಾರಿರಿ.

ಬೆದರಿಕೆ ಪತ್ರ ಕೈಗೆ ಬಂದಾಗ ಹೇಗಿರುತ್ತದೆಂಬುದೂ ನಿಮಗೆ ಗೊತ್ತು. ಡಾಂಕಿ ಕಾಂಗ್ ನಮ್ಮ ಕಿಂಗ್ ಕಾಂಗ್‌ನ ನಕಲು ಎಂದು ಯೂನಿವರ್ಸಲ್ ಸಿನಿಮಾ ಕಂಪನಿ 1982ರಲ್ಲಿ ನಿಮ್ಮನ್ನು ನ್ಯಾಯಾಲಯಕ್ಕೆ ಎಳೆಯಿತು. ನಿಮ್ಮ ವಕೀಲ ಜಾನ್ ಕರ್ಬಿ ಹಳೆಯ ಕಡತ ತೆಗೆದು ತೋರಿಸಿದರು: ಕಿಂಗ್ ಕಾಂಗ್ ಕತೆ ಯಾರ ಸೊತ್ತೂ ಅಲ್ಲ ಎಂದು 1975ರಲ್ಲಿ ವಾದಿಸಿದ್ದು ಅದೇ ಯೂನಿವರ್ಸಲ್! ನೀವು ಗೆದ್ದಿರಿ, 1984ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿರಿ. ಆ ಕೃತಜ್ಞತೆಗೆ ನಿಮ್ಮ ಗುಲಾಬಿ ಬಣ್ಣದ ಪಾತ್ರವೊಂದಕ್ಕೆ ಕರ್ಬಿಯವರ ಹೆಸರಿಟ್ಟಿರೆಂದು ಪ್ರತೀತಿ. ಅಷ್ಟು ದೊಡ್ಡ ವಕೀಲರನ್ನು ಇಡುವ ಶಕ್ತಿ ಸಣ್ಣ ಬಾರ್ ಮಾಲೀಕನಿಗಿಲ್ಲ. ನೋಟಿಸ್ ಬಂದ ದಿನವೇ ಅವನು ಟಿವಿಯ ವೈರ್ ಕಿತ್ತುಬಿಡುತ್ತಾನೆ.

ಅನುಮತಿ ಕೇಳಲಿ ಎನ್ನುತ್ತೀರಿ. 2023ರ ನವೆಂಬರ್‌ನಲ್ಲಿ ನೀವು ಸಣ್ಣ ಪಂದ್ಯಾವಳಿಗಳಿಗೆ ಜಾರಿಗೆ ತಂದ ನಿಯಮಗಳನ್ನು ಓದಿದ್ದೇನೆ. ಎದುರಾಬದುರು ಆಡುವುದಾದರೆ 200 ಜನರ ಮಿತಿ, ಲಾಭ ಮಾಡುವಂತಿಲ್ಲ, ಜೊತೆಗೆ ತಿಂಡಿ-ಪಾನೀಯ ಮಾರುವಂತಿಲ್ಲ. ತಿಂಡಿ-ಪಾನೀಯ ಮಾರುವುದೇ ಕಸುಬಾದವನು ಎಲ್ಲಿಗೆ ಹೋಗಬೇಕು? ಹಾಡಿನ ವಿಷಯದಲ್ಲಿ ಹೋಟೆಲಿನವರಿಗೆ ಇಂಥ ಗತಿಯಿಲ್ಲ. ಹಾಡುಗಳ ಹಕ್ಕು ನೋಡಿಕೊಳ್ಳುವ ಪಿಪಿಎಲ್, ಐಪಿಆರ್‌ಎಸ್ ಎಂದು ಹಣ ಕೇಳಿಕೊಂಡು ಬರುವವರಿದ್ದಾರೆ. ನೋಂದಾಯಿತ ಕೃತಿಸ್ವಾಮ್ಯ ಸಂಘವಾಗದೆಯೇ ಪಿಪಿಎಲ್ ಹಾಗೆ ಲೈಸೆನ್ಸ್ ಕೊಡಬಹುದೇ ಎಂಬ ಜಗಳದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2025ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅದು ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು ಎಂಬ ಜಗಳ. ಕೊಡುತ್ತೇನೆಂದರೂ ತೆಗೆದುಕೊಳ್ಳುವವರಿಲ್ಲದ ಸ್ಥಿತಿ ಹಾಡಿಗೆ ಬಂದಿಲ್ಲ.

ಇದು ಬಿಡಿಸಲಾಗದ ಗಂಟೂ ಅಲ್ಲ. ಡಬಲ್ ಡ್ರ್ಯಾಗನ್ ಆಟದ ಅಸಲಿ ಬೋರ್ಡುಗಳನ್ನು ಜಪಾನಿನಿಂದ ತರಿಸಿ ತನ್ನ ಆರ್ಕೇಡಿನಲ್ಲಿಟ್ಟ ಅಮೆರಿಕದ ಕಂಪನಿಯೊಂದು 1989ರಲ್ಲಿ ಟೈಟೊ ಕಂಪನಿಯೆದುರು ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಕೊಂಡದ್ದು ನಿಜವಾದರೂ ಸಾರ್ವಜನಿಕರಿಗೆ ಆಡಿಸುವ ಹಕ್ಕು ಅದರೊಂದಿಗೆ ಬರುವುದಿಲ್ಲ ಎಂದಿತು ನ್ಯಾಯಾಲಯ. ಮರುವರ್ಷವೇ ಅಮೆರಿಕದ ಸಂಸತ್ತು ಕಾನೂನಿಗೆ ಒಂದು ಉಪಕಲಂ ಸೇರಿಸಿ, ಕಾನೂನುಬದ್ಧವಾಗಿ ಕೊಂಡ ನಾಣ್ಯದ ಯಂತ್ರವನ್ನು ಅನುಮತಿಯಿಲ್ಲದೆಯೂ ಆಡಿಸಬಹುದೆಂದಿತು. 1995ರಲ್ಲಿ ಅದರ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಆ ಐದು ವರ್ಷದಲ್ಲಿ ಆಟದ ಉದ್ಯಮವೇನೂ ಮುಳುಗಲಿಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗಳಲ್ಲಿ ಮಕ್ಕಳು ಆಡಿದ್ದು ಹೆಚ್ಚಾಗಿ ನಿಮ್ಮ ಯಂತ್ರದ ನಕಲುಗಳಲ್ಲಿ: ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್. ‘9999999 ಇನ್ 1’ ಎಂದು ಅಚ್ಚಾದ ಕ್ಯಾಸೆಟ್ಟಿನಲ್ಲಿ ಕೆಲವೇ ಆಟಗಳು ತಿರುತಿರುಗಿ ಬರುತ್ತಿದ್ದವು. ಕಾಂಟ್ರಾ, ಮಾರಿಯೊ, ಡಕ್ ಹಂಟ್ ಅವರಿಗೆ ಗೊತ್ತಾದದ್ದು ಹಾಗೆ. ಅಸಲಿ ಅವರ ಕೈಗೆ ಎಟುಕಲಿಲ್ಲ. ಇವತ್ತು ಅದೇ ಮಕ್ಕಳು ನಲವತ್ತರ ಆಸುಪಾಸಿನಲ್ಲಿದ್ದಾರೆ, ಕೈಯಲ್ಲಿ ಸಂಬಳವಿದೆ, ಅಸಲಿಗೆ ದುಡ್ಡು ಕೊಡಲು ತಯಾರಿದ್ದಾರೆ. ಮಾರಿಯೊವನ್ನು ನೀವು ಚಂದಾದಾರರಿಗೆ ಇಂದಿಗೂ ಕೊಡುತ್ತೀರಿ, ಒಪ್ಪಿದೆ. ಆದರೆ ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ. 87ರಷ್ಟು ಇವತ್ತು ಮಾರುಕಟ್ಟೆಯಲ್ಲಿ ಸಿಗುವುದಿಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಅಳಿಗುಳಿಮಣೆ, ಚೌಕಾಬಾರಗಳನ್ನು ಮತ್ತೆ ಜನರ ಮುಂದಿಟ್ಟಾಗ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಣೆ ಇದ್ದರೆ ಸಾಕಿತ್ತು. ವಿಡಿಯೊ ಗೇಮ್‌ಗೆ ಯಂತ್ರ ಬೇಕು, ಅದನ್ನು ರಿಪೇರಿ ಮಾಡುವ ಕೈ ಬೇಕು, ಆಡುವ ಜನ ಬೇಕು. ಈ ಮೂರನ್ನೂ ಒಂದೇ ಸೂರಿನಡಿ, ಸ್ವಂತ ಖರ್ಚಿನಲ್ಲಿ ಇಟ್ಟುಕೊಳ್ಳುವವನು ಇಂಥ ಬಾರ್‌ನವನೇ.

ನನ್ನ ಕೋರಿಕೆ ಇಷ್ಟೆ. ಮಾರಾಟ ನಿಲ್ಲಿಸಿ ಇಷ್ಟು ವರ್ಷ ಕಳೆದ ಆಟಗಳನ್ನು ಸಣ್ಣ ಬಾರ್, ಕೆಫೆಗಳಲ್ಲಿ ಆಡಿಸಲು ವರ್ಷಕ್ಕಿಷ್ಟು ಎಂದು ದರ ನಿಗದಿ ಮಾಡಿ, ಅರ್ಜಿ ಎಲ್ಲಿಗೆ ಕಳಿಸಬೇಕೆಂದು ಭಾರತದವರಿಗೂ ತಿಳಿಸಿ. ಕೊನಾಮಿ, ಕ್ಯಾಪ್‌ಕಾಮ್‌ನವರನ್ನೂ ಜೊತೆಗೆ ಕರೆದುಕೊಳ್ಳಿ. ನೀವು ಒಪ್ಪದಿದ್ದರೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಕಲಂ 31 ಇದೆ: ಹಕ್ಕುದಾರರು ಸಾರ್ವಜನಿಕ ಪ್ರದರ್ಶನಕ್ಕೆ ಒಪ್ಪದೆ ಕೃತಿ ಜನರಿಗೆ ಸಿಗದಂತಾದರೆ ಕಡ್ಡಾಯ ಪರವಾನಗಿ ಕೇಳಲು ಅದರಲ್ಲಿ ಅವಕಾಶವಿದೆ, ಮತ್ತು 2012ರ ತಿದ್ದುಪಡಿಯ ನಂತರ ಅದು ಭಾರತೀಯ ಕೃತಿಗಳಿಗಷ್ಟೇ ಸೀಮಿತವಲ್ಲ. ಆ ದಾರಿ ಉದ್ದ, ಖರ್ಚೂ ಹೆಚ್ಚು. ಅದರ ಬದಲು ನಿಮ್ಮಿಂದಲೇ ಒಂದು ದರಪಟ್ಟಿ ಬರಲಿ ಎಂದು ಕಾಯುತ್ತಿದ್ದೇನೆ.

ಇತಿ,
ರಾಮಕೃಷ್ಣನಗರದ ಒಬ್ಬ ನಿವಾಸಿ, ಮೈಸೂರು