ವಿಶಾಲ ದೃಷ್ಟಿ (ಗೃಹಬಳಕೆ ಮಾದರಿ): ಬಳಕೆದಾರರ ಕೈಪಿಡಿ

ಬಳಸುವ ಮುನ್ನ

ವಿಶಾಲ ದೃಷ್ಟಿಯನ್ನು ಆರಿಸಿಕೊಂಡ ತಮಗೆ ಅಭಿನಂದನೆಗಳು. ನಿಜ ಹೇಳಬೇಕೆಂದರೆ ಈ ಉಪಕರಣ ತಮ್ಮ ಮನೆಯಲ್ಲಿ ಮೊದಲಿಂದಲೂ ಇತ್ತು. ಅಕ್ಕಪಕ್ಕದವರಿಗೆ ಕಷ್ಟ ಬಂದಾಗ ಮಾತ್ರ ಅಟ್ಟದಿಂದ ಇಳಿಸುತ್ತಿದ್ದಿರಿ, ಅಷ್ಟೆ. ಎದುರುಮನೆ ಹುಡುಗ ಪಿಯುಸಿಯಲ್ಲಿ ಫೇಲಾದ ಸಂಜೆ, 'ಮಾರ್ಕ್ಸೇ ಜೀವನ ಅಲ್ಲ ಬಿಡ್ರಿ, ಓದದೇ ಇದ್ದೋರೆಲ್ಲ ಬದುಕಿಲ್ವಾ?' ಎಂದು ಅವನ ತಾಯಿಗೆ ಸಮಾಧಾನ ಹೇಳಿ ಬಂದವರು ತಾವೇ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ತೊಂಬತ್ತಾರು ತೆಗೆದ ಮಗಳನ್ನು, 'ಮ್ಯಾಥ್ಸಲ್ಲಿ ಆ ನಾಲ್ಕು ಎಲ್ಲಿ ಹೋಯ್ತು?' ಎಂದು ಕೇಳಿದವರೂ ತಾವೇ. ಉಪಕರಣದಲ್ಲಿ ದೋಷವಿಲ್ಲ. ಬೇರೆಯವರ ಕಡೆ ಹಿಡಿದಾಗ ಇದು ಚಾರ್ಜೇ ಇಲ್ಲದೆ ಓಡುತ್ತದೆ. ತಮ್ಮ ಕಡೆ ತಿರುಗಿಸಿದರೆ ಮಾತ್ರ ಬ್ಯಾಟರಿ ಬೇಡುತ್ತದೆ. ಎಲ್ಲ ಮಾದರಿಗಳೂ ಹೀಗೆಯೇ.

ಅಳವಡಿಸುವ ಜಾಗ

ಎತ್ತರದಲ್ಲಿ ಅಳವಡಿಸಿದರೆ ಚೆನ್ನಾಗಿ ಕಾಣುತ್ತದೆ ಎಂಬ ನಂಬಿಕೆ ಗ್ರಾಹಕರಲ್ಲಿದೆ. ರಾಜ್ಯದಲ್ಲಿ ಮುಳ್ಳಯ್ಯನಗಿರಿಗಿಂತ ಎತ್ತರದ ಶಿಖರವಿಲ್ಲ, ಸುಮಾರು 1,930 ಮೀಟರ್. ವೀಕೆಂಡಿನಲ್ಲಿ ಅಲ್ಲಿಗೆ ಹೋಗಿ ನೋಡಿ. ಕೆಳಗೆ ಮೋಡ, ಸುತ್ತ ಶೋಲಾ ಕಾಡು, ರಸ್ತೆ ತಿರುವಿನಲ್ಲಿ 'ನಿನ್ ಗಾಡಿ ಹಿಂದಕ್ಕೆ ತಗೊಳೋ' ಎಂಬ ಜಗಳ. ಎತ್ತರಕ್ಕೂ ಈ ಉಪಕರಣಕ್ಕೂ ಸಂಬಂಧವಿಲ್ಲ. ಅಡುಗೆಮನೆ ಸಾಕು.

ಗುಂಡಿಗಳ ಪರಿಚಯ

ತಿರುಗಿಸುವ ಗುಂಡಿಗಳು ಎರಡು. ಎಡಗಡೆಯದು ಕಾಲದ್ದು. ಅದರ ಗುರುತುಗಳು: ಈಗಲೇ, ಈ ತಿಂಗಳು, ಇಪ್ಪತ್ತು ವರ್ಷ, ಯುಗ. ಬಲಗಡೆಯದು ಜನರದ್ದು: ನಾನು, ನಮ್ಮನೆ, ನಮ್ಮ ಬೀದಿ, ನೀರು ಬರುವ ಊರಿನವರೂ ಸೇರಿ. ಕಾರ್ಖಾನೆಯಿಂದ ಬರುವಾಗ ಎರಡೂ ಮೊದಲ ಗುರುತಿನಲ್ಲೇ ಇರುತ್ತವೆ. ಬಹಳಷ್ಟು ಮನೆಗಳಲ್ಲಿ ಅಲ್ಲೇ ತುಕ್ಕು ಹಿಡಿದಿರುತ್ತವೆ. ಕೊಬ್ಬರಿ ಎಣ್ಣೆ ಬಿಟ್ಟು ಪ್ರಯೋಜನವಿಲ್ಲ, ಪ್ರಯತ್ನಿಸಿದವರಿದ್ದಾರೆ.

ಕಾಲದ ಗುಂಡಿ

ಮೊದಲು ತಮ್ಮ ಗುಂಡಿ ಯಾವ ಗುರುತಿನಲ್ಲಿದೆ ಎಂದು ಪರೀಕ್ಷಿಸಿಕೊಳ್ಳಿ. ಸೊಪ್ಪಿನ ಗಾಡಿಯ ಮುಂದೆ ನಿಂತು ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಕಡಿಮೆ ಮಾಡಿಸಲು ಹತ್ತು ನಿಮಿಷ ವಾದಿಸಿ. ಅದು ಮುಗಿದ ಮೇಲೆ, 'ಹಾಗೇ ಒಂದಿಷ್ಟು ಕರಿಬೇವು ಹಾಕಮ್ಮ' ಎನ್ನಿ. ಮರುದಿನ ಬ್ಯಾಂಕಿಗೆ ಹೋಗಿ ಮನೆ ಸಾಲಕ್ಕೆ ಸಹಿ ಹಾಕಿ. 'ಪೆನ್ಸಿಲ್ ಗುರುತು ಇರೋ ಕಡೆಯೆಲ್ಲ ಸೈನ್ ಮಾಡ್ತಾ ಹೋಗಿ ಸಾರ್' ಎನ್ನುತ್ತಾರೆ. ತಾವು ಹಾಳೆ ತಿರುವುತ್ತಾ ಹೋಗುತ್ತೀರಿ. ಓದಿದ್ದು ಒಂದೇ ಪದ, ತಮ್ಮ ಹೆಸರು. ಅದೂ ಕಾಗುಣಿತ ಸರಿಯಿದೆಯೇ ಎಂದು ನೋಡಲು. ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿಕೊಂಡರೆ ಪರೀಕ್ಷೆ ಮುಗಿಯಿತು.

ಇದು ನಮ್ಮವರಿಗಷ್ಟೇ ಅಂಟಿದ ರೋಗವಲ್ಲ. ಪಾರ್ಕಿನ್ಸನ್ ಎಂಬ ಇಂಗ್ಲಿಷಿನವನು 1957ರಲ್ಲೇ ಇದನ್ನು ಬರೆದಿಟ್ಟ. ಅವನು ಕಲ್ಪಿಸಿದ ಸಮಿತಿಯೊಂದು ಪರಮಾಣು ಸ್ಥಾವರದ ಖರ್ಚನ್ನು ಕೆಲವೇ ನಿಮಿಷದಲ್ಲಿ ಮಂಜೂರು ಮಾಡುತ್ತದೆ, ಏಕೆಂದರೆ ಅದು ಯಾರಿಗೂ ಅರ್ಥವಾಗುವುದಿಲ್ಲ. ಸೈಕಲ್ ಶೆಡ್ಡಿನ ವಿಷಯ ಬಂದಾಗ ಎಲ್ಲರಿಗೂ ಬಾಯಿ ಬರುತ್ತದೆ. ನಮ್ಮಲ್ಲಿ ಸೈಕಲ್ ಶೆಡ್ಡಿನ ಜಾಗಕ್ಕೆ ಲಗ್ನಪತ್ರಿಕೆ ಬಂದಿದೆ. ಹುಡುಗನ ಸಂಬಳ, ಸಾಲ, ಕುಡಿತದ ವಿಚಾರ ಫೋನಿನಲ್ಲಿ ಒಬ್ಬರನ್ನು ಕೇಳಿದರೆ ಆಯಿತು. 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಚಿಕ್ಕಪ್ಪನ ಹೆಸರು ಮೇಲೋ ಸೋದರಮಾವನದು ಮೇಲೋ ಎಂಬುದು ಮೂರು ಪ್ರೂಫ್ ಕಳೆದರೂ ಇತ್ಯರ್ಥವಾಗುವುದಿಲ್ಲ.

ಈಗ ಗುಂಡಿಯನ್ನು 'ಇಪ್ಪತ್ತು ವರ್ಷ'ಕ್ಕೆ ತಿರುಗಿಸಿ. ಸಾಲ 50 ಲಕ್ಷ, ಬಡ್ಡಿ ಶೇ 8.5, ಅವಧಿ 20 ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು 43,391 ರೂಪಾಯಿ. ಇಷ್ಟು ಎಲ್ಲರಿಗೂ ಗೊತ್ತು. ಕಂತು ಸಂಬಳದಲ್ಲಿ ಕೂರುತ್ತದೋ ಇಲ್ಲವೋ ಎಂದು ನೋಡಿಯೇ ಜನ ಮನೆ ನೋಡುವುದು. ಗುಂಡಿ ಇನ್ನಷ್ಟು ತಿರುಗಿದಾಗ ಕಾಣುವುದು ಬೇರೆ. ಮೊದಲ ಕಂತಿನಲ್ಲಿ 35,417 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 7,974. ಹತ್ತು ವರ್ಷ ಒಂದೂ ತಪ್ಪದೆ ಕಟ್ಟಿ, ಅರ್ಧ ದಾರಿ ಮುಗಿಯಿತು ಎಂದು ಉಸಿರು ಬಿಟ್ಟ ದಿನ ಉಳಿದಿರುವ ಸಾಲ ಹೆಚ್ಚುಕಡಿಮೆ 35 ಲಕ್ಷ. ಕೊನೆಗೆ ಕಟ್ಟಿದ್ದು ಒಟ್ಟು ಒಂದು ಕೋಟಿ ನಾಲ್ಕು ಲಕ್ಷ. ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇದೆ: ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚಿಗೆ ಕಟ್ಟುತ್ತಾ ಬಂದರೆ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮೊದಲೇ ತೀರುತ್ತದೆ. ಫ್ಲೋಟಿಂಗ್ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುನ್ನ ತೀರಿಸುವವರಿಗೆ ಬ್ಯಾಂಕುಗಳು ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಕಂತಿನ ಪಟ್ಟಿ ಕೇಳಿ ಪಡೆಯಿರಿ. ಕರಿಬೇವು ಕೇಳುವ ಧೈರ್ಯದಲ್ಲಿ ಕಾಲುಭಾಗ ಸಾಕು.

ಮನೆ ಕೊಳ್ಳಬೇಡಿ ಎಂದು ಈ ಕೈಪಿಡಿ ಹೇಳುತ್ತಿಲ್ಲ. ಉಪಕರಣ ತೋರಿಸುತ್ತದೆ, ತೀರ್ಮಾನ ತೆಗೆದುಕೊಳ್ಳುವುದಿಲ್ಲ.

ಎಚ್ಚರಿಕೆ: 'ಯುಗ' ಗುರುತು

ಈ ಗುರುತನ್ನು ತೆಗೆದುಹಾಕಿ ಎಂದು ಕೈಪಿಡಿ ಬರೆಯುವವರು ತಯಾರಕರಿಗೆ ಹಲವು ಬಾರಿ ಹೇಳಿದ್ದಾಗಿದೆ. ಇದು ಬಲು ಸಲೀಸಾಗಿ ತಿರುಗುತ್ತದೆ, ಒಮ್ಮೆ ತಿರುಗಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮತ್ತು ಸಿಕ್ಕಿಕೊಂಡಷ್ಟು ಹೊತ್ತು ಬಳಸುವವರ ಮುಖದಲ್ಲಿ ಒಂದು ತೇಜಸ್ಸು ಬರುತ್ತದೆ.

1990ರ ಫೆಬ್ರವರಿ 14ರಂದು ವಾಯೇಜರ್-1 ನೌಕೆ ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಭೂಮಿಯ ಚಿತ್ರ ತೆಗೆಯಿತು. ಅದರಲ್ಲಿ ಭೂಮಿ ಒಂದು ಪಿಕ್ಸೆಲ್‌ನಷ್ಟೂ ಇಲ್ಲ. ಚಿತ್ರ ಅದ್ಭುತವೇ, ಅನುಮಾನವಿಲ್ಲ. ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದನ್ನು ಬೆಳಗ್ಗೆ ಆರಕ್ಕೆ ಶುಭೋದಯದ ಜೊತೆ ವಾಟ್ಸಾಪ್ ಗುಂಪಿಗೆ ಹಾಕುವ ಅಂಕಲ್ ಒಬ್ಬರಿರುತ್ತಾರೆ. 'ಈ ಚುಕ್ಕಿಯ ಮೇಲೆ ನಮ್ಮ ಅಹಂಕಾರ ಎಷ್ಟರದು?' ಎಂಬ ಸಾಲು ಬೇರೆ. ಆರೂವರೆಗೆ ಹಾಲಿನ ಪ್ಯಾಕೆಟ್ ಯಾರು ತೆಗೆದರು ಎಂದು ಅದೇ ಗುಂಪಿನಲ್ಲಿ ದೊಡ್ಡಕ್ಷರದಲ್ಲಿ ಕೇಳುವವರೂ ಅವರೇ. ಅವರ ಏಳು ತಿಂಗಳ ಮೇಂಟೆನೆನ್ಸ್ ಬಾಕಿಯೂ ಆ ಚಿತ್ರದಲ್ಲಿ ಕಾಣುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ಫಲಕ ಹಾಕಿದೆ. ಆ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿನ್ನುವಾಗ ನಮ್ಮ ಆಯುಸ್ಸು ಏನೂ ಅಲ್ಲ ಅನ್ನಿಸುವುದು ಸಹಜ. ಸಿಪ್ಪೆಯನ್ನು ಅಲ್ಲೇ ಬಿಟ್ಟು ಬರಲು ಅದು ಅನುಮತಿಯಲ್ಲ. ಎಲ್ಲವೂ ಚಿಕ್ಕದಾಗಿ ಕಾಣುವಷ್ಟು ಹಿಂದೆ ಸರಿದು ನಿಂತವರಿಗೆ ಮೊದಲು ಚಿಕ್ಕದಾಗಿ ಕಾಣುವುದು ತಾವು ಕೊಡಬೇಕಾದ ಬಾಕಿ. ತಾವು ಪಡೆಯಬೇಕಾದದ್ದು ಹೇಗೋ ಅದೇ ಗಾತ್ರದಲ್ಲಿ ಉಳಿದುಕೊಳ್ಳುತ್ತದೆ.

ಜನರ ಗುಂಡಿ

ಇದಕ್ಕೆ ತಾಳ್ಮೆ ಬೇಕು. ಅಭ್ಯಾಸಕ್ಕೆ ಅಪಾರ್ಟ್‌ಮೆಂಟಿನ ಸಭೆ ಅನುಕೂಲ. ಅಜೆಂಡಾದಲ್ಲಿ ಎರಡು ವಿಷಯವಿದೆ ಎನ್ನಿ: ಅತಿಥಿಗಳ ಪಾರ್ಕಿಂಗ್, ಮತ್ತು ನೀರು. ಪಾರ್ಕಿಂಗಿಗೆ ಎರಡು ಗಂಟೆ ಹಿಡಿಯುತ್ತದೆ. ಕಾಫಿ ಬಂದ ಮೇಲೆ ನೀರು.

'ಬೋರು ಬತ್ತಿದೆ, ಇನ್ನೊಂದು ಹಾಕ್ಸೋಣ.'

'ಎಷ್ಟು ಅಡಿ?'

'ನೀರು ಸಿಗೋವರೆಗೆ.'

'ಅಲ್ಲೀವರೆಗೆ?'

'ಟ್ಯಾಂಕರ್.'

'ಟ್ಯಾಂಕರಿಗೆ ನೀರು ಎಲ್ಲಿಂದ ಬರುತ್ತೆ?'

'ಅದು ಅವರ ತಲೆನೋವು, ಮುಂದಿನ ವಿಷಯ.'

ಇಲ್ಲಿ ಗುಂಡಿ ತಿರುಗಿಸಿ. 'ನಮ್ಮನೆ' ಗುರುತಿನಲ್ಲಿ ಕಾಣುವುದು ನಲ್ಲಿ. 'ನಮ್ಮ ಬೀದಿ'ಗೆ ಬಂದರೆ, ತಾವು ಕೊರೆಸಲಿರುವ ಬೋರಿಗೂ ಪಕ್ಕದ ವಠಾರದ ಬೋರಿಗೂ ಕೆಳಗೆ ಇರುವುದು ಒಂದೇ ನೀರು ಎಂಬುದು ಕಾಣುತ್ತದೆ. ತಮ್ಮದು ಆಳವಾದಷ್ಟೂ ಅವರದು ಬೇಗ ಬತ್ತುತ್ತದೆ. ಕೊನೆಯ ಗುರುತಿಗೆ ತಂದರೆ ಟ್ಯಾಂಕರ್ ತುಂಬಿಸಿಕೊಳ್ಳುವ ಜಾಗ ಬರುತ್ತದೆ: ಊರಾಚೆ ಯಾರದೋ ಹೊಲದ ಬದು, ಪಂಪ್‌ಸೆಟ್, ಪಕ್ಕದಲ್ಲೇ ಬಾಡಿದ ರಾಗಿ. ಬೆಂಗಳೂರಿಗೆ ಬರುವ ಕಾವೇರಿ ನೀರಿನ ಕಥೆ ಇನ್ನೂ ಉದ್ದ. ಸುಮಾರು 100 ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಆಗಿ, ಗುಡ್ಡ ಹತ್ತಿಕೊಂಡು ಬರಬೇಕು. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ವ್ಯವಸ್ಥೆ ಆಯಿತು. ಅದೇ ವರ್ಷದ ಬೇಸಿಗೆಯಲ್ಲಿ ಟ್ಯಾಂಕರಿನವರು ಕೇಳಿದ್ದೇ ದರವಾಗಿ, ಜಿಲ್ಲಾಡಳಿತವೇ ಬೆಲೆ ಕಟ್ಟಬೇಕಾಗಿ ಬಂದಿತ್ತು.

ಗುಂಡಿ ಅಲ್ಲಿರುವಾಗಲೇ ತಲೆ ಎತ್ತಿ ತಾರಸಿ ನೋಡಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮೂವತ್ತು-ನಲವತ್ತರ ಒಂದು ಸೈಟಿನ ಮೇಲೆ ವರ್ಷವಿಡೀ ಬೀಳುವ ನೀರು ಒಂದು ಲಕ್ಷ ಲೀಟರಿಗೂ ಮೇಲೆ, ಎಂದರೆ 12,000 ಲೀಟರಿನ ಒಂಬತ್ತು ಟ್ಯಾಂಕರ್. ತಮ್ಮ ಕಟ್ಟಡದ ತಾರಸಿ ಹತ್ತು ಸಾವಿರ ಚದರಡಿ ಇದ್ದರೆ ಎಪ್ಪತ್ತೈದು ಟ್ಯಾಂಕರ್. ಹರಿದು ಹೋಗಿ, ಆವಿಯಾಗಿ ಕಾಲುಭಾಗ ನಷ್ಟವಾದರೂ ಲೆಕ್ಕ ಸಣ್ಣದಲ್ಲ. ದೊಡ್ಡ ಸೈಟುಗಳಿಗೂ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವೆಂದು ಬೆಂಗಳೂರಿನಲ್ಲಿ 2009ರಲ್ಲೇ ಕಾನೂನಾಗಿದೆ. ತಮ್ಮ ಕಟ್ಟಡದಲ್ಲೂ ಪೈಪು ಇರಬೇಕು. ಅದರ ಇನ್ನೊಂದು ತುದಿ ಎಲ್ಲಿದೆ ಎಂದು ವಾಚ್‌ಮನ್ನನ್ನು ಕೇಳಿ. ಬಹುಮಟ್ಟಿಗೆ ಅದು ಅತಿಥಿಗಳ ಪಾರ್ಕಿಂಗ್ ಮೇಲೆ ಸುರಿಯುತ್ತಿರುತ್ತದೆ.

ಗುಂಡಿ ಸರಿಯಾಗಿ ತಿರುಗಿದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ: ನೋಟ ಹಿಗ್ಗಿದ ಮೇಲೆ ತಮ್ಮ ಜೇಬಿಗೋ, ಮೈಗೋ, ಮಾತಿಗೋ ಏನಾದರೂ ಖರ್ಚು ಬಿತ್ತೇ? ಎಲ್ಲ ಖರ್ಚೂ ಎದುರಿಗಿರುವವರಿಗೇ ಬಿದ್ದಿದ್ದರೆ ತಾವು ಉಪಕರಣವನ್ನು ತಿರುವುಮುರುವಾಗಿ ಹಿಡಿದಿದ್ದೀರಿ.

ತಿರುವುಮುರುವಾಗಿ ಹಿಡಿಯುವುದು

ಇದು ಕೌಟುಂಬಿಕ ಬಳಕೆಯಲ್ಲಿ ಹೆಚ್ಚು. ಅಪ್ಪ ತೀರಿಕೊಂಡು ವರ್ಷಾಬ್ದಿಕ ಕಳೆದಿದೆ. ಪಿತ್ರಾರ್ಜಿತ ಜಮೀನು ಎರಡು ಎಕರೆ ಹತ್ತು ಗುಂಟೆ. ರಸ್ತೆ ಬರುತ್ತದೆ ಎಂಬ ಸುದ್ದಿಯಿದೆ. ಅಣ್ಣಂದಿರು ತಂಗಿಯ ಮನೆಗೆ ಬಂದಿದ್ದಾರೆ, ಎರಡು ಡಜನ್ ಬಾಳೆಹಣ್ಣು ಹಿಡಿದುಕೊಂಡು.

'ನಿಂಗೇನಮ್ಮ ಕಮ್ಮಿ? ಭಾವ ಚೆನ್ನಾಗಿ ದುಡೀತಾರೆ. ಸ್ವಲ್ಪ ದೊಡ್ಡ ಮನಸ್ಸು ಮಾಡು.'

'ಏನಕ್ಕಣ್ಣ?'

'ಒಂದು ಹಕ್ಕು ಖುಲಾಸೆ ಪತ್ರ, ಅಷ್ಟೆ. ಬರೀ ಫಾರ್ಮಾಲಿಟಿ. ವರ್ಷ ವರ್ಷ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕೊಡೋದನ್ನ ತಪ್ಪಿಸಿದ್ದೀವಾ? ನಾಳೆ ತವರು ಮನೆ ಅಂತ ಒಂದು ಬೇಕೋ ಬೇಡ್ವೋ?'

ಗಮನಿಸಿ: ಉಪಕರಣ ಪೂರ್ತಿ ಸಾಮರ್ಥ್ಯದಲ್ಲಿ ಓಡುತ್ತಿದೆ. ಸಂಬಂಧ, ಸಂಸ್ಕೃತಿ, ನಾಳೆ, ನಾಡಿದ್ದು ಎಲ್ಲವೂ ತುಂಬಾ ಅಗಲವಾಗಿ ಕಾಣುತ್ತಿವೆ. ಗುಂಟೆ ಮಾತ್ರ ಕಾಣುತ್ತಿಲ್ಲ. ದೊಡ್ಡ ಮನಸ್ಸು ಮಾಡು ಎಂದು ಹೇಳಿಸಿಕೊಳ್ಳುವವರು ಮನೆಯಲ್ಲಿ ಯಾವಾಗಲೂ ಒಬ್ಬರೇ ಆಗಿರುತ್ತಾರೆ: ಮಗಳು, ಸೊಸೆ, ಇಲ್ಲವೇ ಎಲ್ಲಕ್ಕೂ ತಲೆಯಾಡಿಸುವ ತಮ್ಮ. ಹೇಳುವವರ ಮನಸ್ಸಿನ ಅಳತೆಯನ್ನು ಯಾರೂ ಕೇಳುವುದಿಲ್ಲ.

ಈ ವಿಷಯದಲ್ಲಿ ಕಾನೂನಿನ ಗುಂಡಿ ಯಾವಾಗಲೋ ತಿರುಗಿ ಆಗಿದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಗೋಡೆ ಒಡೆಯಿತು. ಆ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ತಕರಾರಿಗೂ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ವಿನೀತಾ ಶರ್ಮಾ ಪ್ರಕರಣದಲ್ಲಿ, ಬೇಕಿಲ್ಲ ಎಂದು ಉತ್ತರ ಕೊಟ್ಟಿತು: ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು. ಬಾಳೆಹಣ್ಣು ತಂದವರಿಗೆ ಇದೆಲ್ಲ ಗೊತ್ತು. ಗೊತ್ತಿದ್ದದ್ದಕ್ಕೇ ಬಂದದ್ದು.

ತಂಗಿಗೆ ಸೂಚನೆ: ಪಾಲು ಬಿಟ್ಟುಕೊಡುವುದೂ ತಪ್ಪಲ್ಲ, ತೆಗೆದುಕೊಳ್ಳುವುದೂ ತಪ್ಪಲ್ಲ. ಪಹಣಿ ತರಿಸಿ ನೋಡಿ. ಉಪಕರಣವನ್ನು ಅಣ್ಣಂದಿರ ಕೈಯಿಂದ ಮೆಲ್ಲಗೆ ಇಸಕೊಂಡು, ಕಾಫಿ ಕೊಡುವ ನೆಪದಲ್ಲಿ ಅವರ ಕಡೆಗೊಮ್ಮೆ ತಿರುಗಿಸಿ. 'ಅಣ್ಣ, ರಸ್ತೆಗೆ ಹೋಗೋ ಜಾಗಕ್ಕೆ ಗುಂಟೆಗೆ ಎಷ್ಟು ಕೊಡ್ತಾರಂತೆ?' ಎಂದು ಕೇಳಿದರೆ ಸಾಕು.

ಸೇವೆ ಮತ್ತು ದೂರು

ಬಿಡಿಭಾಗಗಳು ಸಿಗುವುದಿಲ್ಲ. ಮಕ್ಕಳ ಕೈಗೆ ಸಿಕ್ಕರೆ ತೊಂದರೆಯಿಲ್ಲ. ಅವರು ಇದನ್ನು ದೊಡ್ಡವರ ಕಡೆ ತಿರುಗಿಸಿ ಪ್ರಶ್ನೆ ಕೇಳುತ್ತಾರೆ, ಅಷ್ಟೆ. ಲಗ್ನಪತ್ರಿಕೆ ವಿವಾದದಲ್ಲಿ ಕೆಟ್ಟ ಉಪಕರಣಕ್ಕೆ ಖಾತರಿ ಅನ್ವಯಿಸುವುದಿಲ್ಲ.

ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಒಕ್ಕಣೆಯವು: 'ನಾವು ಇದನ್ನು ಕೊಂಡದ್ದು ಮನೆಯವರಿಗೆ ತೋರಿಸಲು. ಅವರೇ ಕೈಗೆ ತಗೊಂಡು ನಮ್ಮನ್ನು ನೋಡಲು ಶುರು ಮಾಡಿದ್ದಾರೆ. ದಯವಿಟ್ಟು ಮೆಕ್ಯಾನಿಕ್ ಕಳಿಸಿ.' ಪರಿಶೀಲಿಸಲಾಗಿ ಇವು ಯಾವುವೂ ತಯಾರಿಕೆಯ ದೋಷದಡಿ ಬರುವುದಿಲ್ಲ. ಮೆಕ್ಯಾನಿಕ್ ಬರುವುದಿಲ್ಲ.