ಸತ್ತವರ ಲೆಕ್ಕ

ನಮ್ಮ ಕಡೆ ಮುತ್ತಜ್ಜ ಯಾವಾಗ ತೀರಿಕೊಂಡ ಅಂತ ಕೇಳಿ ನೋಡಿ. "ಪ್ಲೇಗು ಬಂದಿತ್ತಲ್ಲ, ಅದರ ಮರುವರ್ಷ, ಜೋಳದ ರಾಶಿ ಹೊತ್ತಿಗೆ" ಎನ್ನುತ್ತಾರೆ. ಪೌತಿ ಖಾತೆಗೆ ಅರ್ಜಿ ಹಾಕುವಾಗ ಆ ರಾಶಿಯನ್ನು ಯಾವ ಕಾಲಂನಲ್ಲಿ ತುಂಬುವುದು?

ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಸತ್ತ ಬಿಳಿ ಸಿಪಾಯಿಯ ಅದೃಷ್ಟವೇ ಬೇರೆ. ಹೆಸರು, ವಯಸ್ಸು, ಹುದ್ದೆ, ಸತ್ತ ದಿನ, ಹೂಳಿದ ದಿನ, ಕೊನೆಗೆ ಪಾದ್ರಿಯ ರುಜು: ಚರ್ಚಿನ ದಫ್ತರದಲ್ಲಿ ಅವನಿಗೊಂದು ಸಾಲು. ಅದರ ನಕಲು ಮದರಾಸಿಗೆ, ಅಲ್ಲಿಂದ ಲಂಡನ್ನಿಗೆ. ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿದೆ, ಮರಿಮಕ್ಕಳು ಹುಡುಕಿ ಓದುತ್ತಾರೆ. ಬದುಕಿದ್ದಾಗ ರಜೆ ಸಿಗದವನು ಸತ್ತ ಮೇಲೆ ಹಡಗು ಹತ್ತಿ ಊರು ಸೇರಿದ!

ಹಾಗಂತ ಅದೇ ಬಳ್ಳಾರಿ ಸೀಮೆಯ ಕೊಳಗಲ್ಲಿನವರು ತಲೆ ತಗ್ಗಿಸಬೇಕಿಲ್ಲ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ತೀರಿಕೊಂಡ, ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದ ಎಂದು ಸಾರುವ 967ರ ಶಾಸನ ಇದೇ ಊರಿನದು. ಮರಣಪತ್ರ, ಪೌತಿ ಖಾತೆ ಎರಡೂ ಒಂದೇ ಕಲ್ಲಿನಲ್ಲಿ! ಗೆದ್ದಲು ಹಿಡಿಯುವುದಿಲ್ಲ, ಸರ್ವರ್ ಡೌನ್ ಆಗುವುದಿಲ್ಲ, "ನಾಳೆ ಬರ್ರೀ" ಅನ್ನುವವರೂ ಇಲ್ಲ. ಒಂದೇ ತೊಂದರೆ, ಆ ಸೌಕರ್ಯ ಸಿಗಬೇಕಾದರೆ ಚಕ್ರವರ್ತಿ ಆಗಿರಬೇಕು.

ಉಳಿದವರಿಗೆ ಹೆಳವರಿದ್ದಾರೆ. ಎತ್ತಿನ ಜೊತೆ ಬಂದು, ತಲೆತಲಾಂತರದ ಹೆಸರುಗಳನ್ನು ಗಡಗಡ ಒಪ್ಪಿಸಿ, ಕಾಳುಕಡಿ ಇಸಕೊಂಡು ಹೋಗುತ್ತಾರೆ. ತಾರೀಖು ಕೇಳಿದರೆ ನಗುತ್ತಾರೆ. ಆದರೆ ಮುತ್ತಜ್ಜನಿಗೆ ಇಬ್ಬರು ಹೆಂಡಿರಿದ್ದರು ಎಂಬುದನ್ನು ಮಾತ್ರ ಓಣಿಗೆಲ್ಲ ಕೇಳುವಂತೆ ಹೇಳುತ್ತಾರೆ. ಪಾದ್ರಿಯ ದಫ್ತರದಲ್ಲಿ ಅದಕ್ಕೆಲ್ಲಿ ಕಾಲಂ?