ಇದೆ, ಸ್ವಲ್ಪ ಇರಿ

ಹಾರ್ಡ್ ಡಿಸ್ಕಿನಷ್ಟು ಮರ್ಯಾದಸ್ಥ ಪ್ರಾಣಿ ಇನ್ನೊಂದಿಲ್ಲ. 'ಇಲ್ಲ' ಎನ್ನಲು ಅದಕ್ಕೆ ಬಾಯೇ ಬರುವುದಿಲ್ಲ. ಆ ದಾಕ್ಷಿಣ್ಯವೇ ಅದಕ್ಕೆ ಮುಳುವು.

ನಮ್ಮೂರ ಗ್ರಂದಿಗೆ ಅಂಗಡಿಯ ಶೆಟ್ಟರು ಹೀಗೇ. ಜ್ಯೇಷ್ಠಮಧು ಕೇಳಿದರೆ "ಇದೆ, ಸ್ವಲ್ಪ ಇರಿ" ಎಂದು ಅಟ್ಟ ಹತ್ತಿದರೆ ಮುಗಿಯಿತು. ಗಿರಾಕಿ ಕೆಳಗಿನಿಂದ ಎಷ್ಟು ಕೂಗಿದರೂ ಅವರಿಗೆ ಕೇಳಿಸದು. ಡಿಸ್ಕಿನ ಕಥೆಯೂ ಅಷ್ಟೇ. ಸೆಕ್ಟರ್ ಎಂಬ ಪುಟ್ಟ ಜಾಗವೊಂದು ಕೆಟ್ಟು ಓದಲಾಗದಿದ್ದರೆ ಪಟ್ಟು ಬಿಡದೆ ಅದನ್ನೇ ಮತ್ತೆ ಮತ್ತೆ ಓದುತ್ತದೆ. ಅದರ ಉತ್ತರಕ್ಕೆ ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ, ವಿಂಡೋಸ್ 60. ನಿಮಿಷಕ್ಕೆ 7200 ಸುತ್ತು ಹಾಕುವ ತಟ್ಟೆ ಆ 30 ಸೆಕೆಂಡಿನಲ್ಲೇ 3600 ಸಲ ತಿರುಗಿರುತ್ತದೆ. ಹೊರಗಿದ್ದವರಿಗೆ ಕೇಳುವುದು 'ಟಕ್... ಟಕ್' ಮಾತ್ರ.

ನಮ್ಮ ಮನೆಯಲ್ಲಿ ಎರಡು ಡಿಸ್ಕುಗಳನ್ನು ರೇಡ್ ಎಂಬ ವ್ಯವಸ್ಥೆಯಲ್ಲಿ ಜೋಡಿ ಕಟ್ಟಿ, ಎರಡರಲ್ಲೂ ಅವೇ ಫೋಟೋಗಳನ್ನು ಇಟ್ಟಿದ್ದೇವೆ. ಒಂದು ಸಂಜೆ ನಾಮಕರಣದ ಫೋಟೋ ತೆರೆಯುವಾಗ ಟಕ್ ಟಕ್ ಶುರುವಾಯಿತು. ಗಡುವು ಮುಗಿದದ್ದೇ ಕಂಪ್ಯೂಟರು ರೀಸೆಟ್ ಎಂದು ಕೂಗಿತು. ಡಿಸ್ಕು ಇನ್ನೂ ಅಟ್ಟದ ಮೇಲಿತ್ತು. ಅದು ಸತ್ತಿದೆ ಎಂದು ತೀರ್ಮಾನಿಸಿದ ಕಂಪ್ಯೂಟರು ಅದನ್ನು ರೇಡ್‌ನಿಂದಲೇ ಹೊರಗೆ ಹಾಕಿತು!

ರೇಡ್‌ಗೆಂದೇ ಮಾಡಿದ ಡಿಸ್ಕುಗಳು ಲೋಕಜ್ಞಾನ ಉಳ್ಳವು. ಸುಮಾರು 7 ಸೆಕೆಂಡು ಹೆಣಗಾಡಿ "ಆಗಲಿಲ್ಲ ಸ್ವಾಮಿ" ಎಂದು ಕೈಚೆಲ್ಲುತ್ತವೆ. ಆಗ ಕಂಪ್ಯೂಟರು ಜೋಡಿ ಡಿಸ್ಕಿನಿಂದ ಅದೇ ಮಾಹಿತಿ ತಂದು, ಕೆಟ್ಟ ಜಾಗಕ್ಕೆ ಮತ್ತೆ ಬರೆಯುತ್ತದೆ. ಡಿಸ್ಕು ಆ ಸೆಕ್ಟರಿಗೆ ಬದಲಿ ಜಾಗ ಕೊಟ್ಟುಕೊಂಡು ನೌಕರಿಯಲ್ಲಿ ಉಳಿಯುತ್ತದೆ. ಬೇಗ ಸೋತವನಿಗೆ ಶುಶ್ರೂಷೆ, ಕೊನೆಯವರೆಗೂ ಹೋರಾಡಿದವನಿಗೆ ಗೇಟ್‌ಪಾಸ್. ಆದರೆ ಒಂಟಿ ಡಿಸ್ಕಿನ ಹಟವನ್ನು ಬೈಯುವಂತಿಲ್ಲ. ಇನ್ನೊಂದು ಪ್ರತಿಯೇ ಇಲ್ಲದಿದ್ದಾಗ ಆ ಹಟವೇ ಕೊನೆಯ ಆಸರೆ.

ಕೆಲವು ಡಿಸ್ಕುಗಳಿಗೆ ಈ 7 ಸೆಕೆಂಡಿನ ಶಿಸ್ತನ್ನು 'ಸ್ಮಾರ್ಟ್‌ಸಿಟಿಎಲ್' ಆಜ್ಞೆಯಿಂದ ಕಲಿಸಬಹುದು. ನಮ್ಮದು ಕಲಿಯುವ ಪೈಕಿಯಲ್ಲ. ಅಂಥವಕ್ಕೆ ತಿಳಿದವರು ಹೇಳುವ ಮದ್ದು ಬೇರೆ: ಕಂಪ್ಯೂಟರಿನ ತಾಳ್ಮೆಯನ್ನೇ ಹೆಚ್ಚಿಸಿ. ಲಿನಕ್ಸ್‌ನಲ್ಲಿ ಪ್ರತಿ ಡಿಸ್ಕಿಗೂ 'ಟೈಮ್‌ಔಟ್' ಎಂಬ ಪುಟ್ಟ ಫೈಲಿದೆ. ಅದರಲ್ಲಿದ್ದ 30 ಅಳಿಸಿ 180 ಬರೆದೆ. ಈಗ ಡಿಸ್ಕು ಎಷ್ಟು ತಡಕಾಡಿದರೂ ಕಂಪ್ಯೂಟರು ಮೂರು ನಿಮಿಷ ತುಟಿಪಿಟಕ್ಕೆನ್ನದು.

ಹಿಂದೆ ನಿಂತು ನೋಡುತ್ತಿದ್ದ ನನ್ನಾಕೆ ಕೇಳಿದಳು: "ರೀ, ನಿಮ್ಮ ಫೈಲು ಎಲ್ಲಿದೆ ಹೇಳಿ, ಒಂದು ಸೊನ್ನೆ ಸೇರಿಸ್ತೀನಿ."